ಮೇಲಿನವರಿಗೊಂದು, ಕೆಳಗಿನವರಿಗೊಂದು

ಕರಾಟೆಯ ಎರಡನೇ ಡಾನ್ (ಕಪ್ಪು ಪಟ್ಟಿಯ ಎರಡನೇ ದರ್ಜೆ) ಪರೀಕ್ಷೆಯಲ್ಲಿ ನಾನು ಫೇಲಾದೆ. ತಲೆ ಅರ್ಧ ನೆರೆತ, ತೋಟ-ಮನೆ ನೋಡಿಕೊಂಡಿರುವ ಗೃಹಸ್ಥನೊಬ್ಬ ಈ ವಯಸ್ಸಿನಲ್ಲಿ ಬೆಲ್ಟ್ ಪರೀಕ್ಷೆಗೆ ಹೋಗುವುದೇ ಊರಿನವರಿಗೆ ಒಂದು ತಮಾಷೆ. ಫೇಲಾದರಂತೂ ಕೇಳುವುದೇ ಬೇಡ. ಸೊಸೈಟಿಗೆ ಅಡಿಕೆ ಒಯ್ದಾಗ, ಮದುವೆಮನೆಯಲ್ಲಿ ಪಂಕ್ತಿಗೆ ಕೂತಾಗ, ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ, "ಹೆಗಡೇರೆ, ಬೆಲ್ಟು ಬಂತಾ?" ಎಂಬ ಪ್ರಶ್ನೆ ತಪ್ಪಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟೆ. ಮೊಣಕಾಲು ನೋವು ಎಂದೆ. ಪರೀಕ್ಷಕರು ಹೊರಗಿನವರು, ನಮ್ಮನ್ನು ಬಲ್ಲವರಲ್ಲ ಎಂದೆ. ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಅಭ್ಯಾಸ ಮಾಡಲಾಗಲಿಲ್ಲ ಎಂದೆ. ಮೂರೂ ಸುಳ್ಳು. ಮೊಣಕಾಲು ಗಟ್ಟಿಯಾಗಿಯೇ ಇತ್ತು, ಅಭ್ಯಾಸವನ್ನೂ ಬಿಟ್ಟಿರಲಿಲ್ಲ, ಪರೀಕ್ಷಕರಂತೂ ನನ್ನನ್ನು ಸರಿಯಾಗಿಯೇ ಅಳೆದರು. ಬೇರೆ ಬೇರೆ ದರ್ಜೆಯವರು ಒಟ್ಟಾಗಿ ಕಲಿಯುವ ಕ್ಲಾಸಿನಲ್ಲಿ ನಾನು ವರ್ಷಗಟ್ಟಲೆ ಬೆಳೆಸಿಕೊಂಡ ಒಂದು ಕೆಟ್ಟ ಚಾಳಿ ನನ್ನನ್ನು ಫೇಲು ಮಾಡಿತು. ಅದನ್ನು ಬಿಡಿಸಿ ಹೇಳಿದರೆ ಇನ್ನೊಬ್ಬರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನನ್ನ ಕಾಲದ ಹುಡುಗರಿಗೆ ಕರಾಟೆಯ ಹುಚ್ಚು ಹಿಡಿಸಿದ್ದು ಸಿನಿಮಾ. ಶಂಕರ್‌ನಾಗ್ ನಮ್ಮ ಜಿಲ್ಲೆಯ ಹೊನ್ನಾವರದ ಕಡೆಯವರು ಎಂಬ ಹೆಮ್ಮೆ ಬೇರೆ. ಅಭಿಮಾನಿಗಳು ಅವರನ್ನು 'ಕರಾಟೆ ಕಿಂಗ್' ಎಂದೇ ಕರೆಯುತ್ತಿದ್ದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಅವರು ತೀರಿಹೋದಾಗ ನಮ್ಮ ಶಾಲೆಯ ಹುಡುಗರೆಲ್ಲ ಮಂಕಾಗಿದ್ದೆವು. ಅವರ ಮೊದಲ ಚಿತ್ರ 1978ರ 'ಒಂದಾನೊಂದು ಕಾಲದಲ್ಲಿ'. ಅದನ್ನು ನಿರ್ದೇಶಿಸಿದವರು ಬಾಲ್ಯವನ್ನು ಶಿರಸಿಯಲ್ಲಿ ಕಳೆದ ಗಿರೀಶ ಕಾರ್ನಾಡರು. ಅದರಲ್ಲಿ ಸುಂದರಕೃಷ್ಣ ಅರಸರ ಪೆರ್ಮಾಡಿ ಹಿರಿಯ ಯೋಧ, ಶಂಕರ್‌ನಾಗ್‌ರ ಗಂಡುಗಲಿ ಕಿರಿಯ. ಇಬ್ಬರದೂ ಎದುರುಬದುರು ಪಾಳೆಯ. ಹುಡುಗನಾಗಿ ನೋಡಿದಾಗ ನನ್ನ ಕಣ್ಣು ಪೂರ್ತಿ ಗಂಡುಗಲಿಯ ಮೇಲೆ. ವಯಸ್ಸಾದ ಮೇಲೆ ಮತ್ತೆ ನೋಡಿದೆ. ಹಿರಿಯ-ಕಿರಿಯ ಎನ್ನದೆ ಒಬ್ಬರ ಕೈಚಳಕವನ್ನು ಇನ್ನೊಬ್ಬರು ಗುರುತಿಸುವ ರೀತಿ ಆಗ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದುಹೋಗಿತ್ತು.

ನಮ್ಮ ಕ್ಲಾಸಿನ ವಿಷಯ ಹೇಳಬೇಕು. ವಾರದ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬೇರೆ ಬೇರೆಯಾಗಿ ಕಲಿಯುವವರು, ಕಲಿಸುವವರು ಭಾನುವಾರ ಬೆಳಿಗ್ಗೆ ಶಿರಸಿಯ ಒಂದು ಶಾಲೆಯ ಹಾಲ್‌ನಲ್ಲಿ ಸೇರುತ್ತೇವೆ. ನಾನು ಕಾನಸೂರಿನ ಮೇಲೆ ಬೈಕಿನಲ್ಲಿ ಬರುತ್ತೇನೆ, ಯಲ್ಲಾಪುರದವರು ಮಂಚಿಕೇರಿಯ ಮೇಲೆ ಬರುತ್ತಾರೆ. ಮಳೆಗಾಲದಲ್ಲಿ ಕರಾಟೆ ಡ್ರೆಸ್ ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲೆ ಹರವಿ, ಹೊಗೆ ವಾಸನೆಯ ಸಮೇತ ತೊಟ್ಟುಕೊಳ್ಳುತ್ತೇವೆ. ಬ್ರೌನ್ ಬೆಲ್ಟ್‌ನಿಂದ ಮೇಲಿನವರಿಗೆಲ್ಲ ಪ್ರವೇಶ. ನಿನ್ನೆ ಮೊನ್ನೆ ಕಪ್ಪು ಪಟ್ಟಿ ಕಟ್ಟಿದ ಪಿಯುಸಿ ಮಕ್ಕಳು, ನನ್ನಂಥ ಹಳೆಯ ಮೊದಲ ಡಾನ್‌ನವರು, ಎರಡನೇ ಡಾನ್‌ನವರು, ಮೂರನೆಯವರು ಎಲ್ಲ ಒಂದೇ ನೆಲದ ಮೇಲೆ. ನಮಸ್ಕಾರಕ್ಕೆ ಕೂರುವಾಗ ದರ್ಜೆಯ ಪ್ರಕಾರ ಸಾಲು. ಬ್ಯಾಂಕಿನ ಅಧಿಕಾರಿ ಕಾಲೇಜು ಹುಡುಗಿಗಿಂತ ಕೆಳಗೆ ಕೂರುತ್ತಾರೆ. ಜಾತಿ, ಜಮೀನು, ವಯಸ್ಸು ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ನನಗಿಂತ ಮೇಲೆ, ಮೂರನೇ ಡಾನ್‌ನ ಜಾಗದಲ್ಲಿ ಕೂರುವವನು ಯಲ್ಲಾಪುರದ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಹುಡುಗ. ಅವನ ಅಪ್ಪ ಕೊನೆಗೌಡ. ನನ್ನಂಥವರ ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸಿ ಮಗನನ್ನು ಸಾಕಿದವರು. ಕ್ಲಾಸಿನ ಶಿಸ್ತಿನಲ್ಲಿ ನಾನು ಅವನನ್ನು 'ಸೆಂಪೈ', ಅಂದರೆ ಹಿರಿಯ, ಎಂದು ಕರೆಯಬೇಕು. ನಾನು 'ತಮಾ' ಎನ್ನುತ್ತಿದ್ದೆ. ಪ್ರೀತಿಯಿಂದ ಹಾಗೆ ಕರೆಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಈ ದರ್ಜೆಗಳು ಪುರಾಣಕಾಲದಿಂದ ಬಂದವು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಜೂಡೊ ಕಟ್ಟಿದ ಜಿಗೊರೊ ಕಾನೊ 1883ರಲ್ಲಿ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಒಕಿನಾವಾದ ಶಾಲಾಮಾಸ್ತರ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದಾಗ ಅವರನ್ನು ತಮ್ಮ ಸಂಸ್ಥೆಗೆ ಕರೆಸಿಕೊಂಡವರೂ ಕಾನೊ ಅವರೇ. ಫುನಾಕೋಶಿ ಆ ಪದ್ಧತಿಯನ್ನು ಎರವಲು ಪಡೆದು 1924ರಲ್ಲಿ ಕರಾಟೆಯ ಮೊದಲ ಕಪ್ಪು ಪಟ್ಟಿಗಳನ್ನು ಕೊಟ್ಟರು. ಬಣ್ಣಬಣ್ಣದ ಬೆಲ್ಟುಗಳು ಬಂದದ್ದು ಆಮೇಲೆ. ಅಂದರೆ ನಾವು ಇಷ್ಟೊಂದು ತಲೆಕೆಡಿಸಿಕೊಳ್ಳುವ ಕರಾಟೆಯ ದರ್ಜೆಗೆ ನೂರು ವರ್ಷ ತುಂಬಿದ್ದು ಈಚೆಗೆ. ಅದು ಕಲಿಸುವವರ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಯಾರು ಯಾರಿಂದ ಏನು ಕಲಿಯಬಹುದು ಎಂದು ತಿಳಿಯಲು ಒಂದು ಗುರುತು.

ನಮ್ಮ ಸೀಮೆಗೆ ಇಂಥ ಏರ್ಪಾಡು ಹೊಸತೂ ಅಲ್ಲ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಿಂದ ಶುರುಮಾಡಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಎರಡನೇ ವೇಷ ಎನ್ನುವ ಪ್ರಮುಖ ಪಾತ್ರದ ಹತ್ತಿರ ಬರುವಾಗ ಹರೆಯ ಕಳೆದಿರುತ್ತಿತ್ತು. ಆದರೂ ಆಟ ನಡೆಯುವುದು ಒಂದೇ ರಂಗಸ್ಥಳದಲ್ಲಿ. ಹೆಸರುವಾಸಿ ಎರಡನೇ ವೇಷದ ಎದುರು ಹೊಸ ಹುಡುಗನೂ ನಿಲ್ಲಬೇಕಾಗುತ್ತದೆ. ಒಳ್ಳೆಯ ವೇಷಧಾರಿ ಆ ಹುಡುಗನಿಗೆ ಕುಣಿಯಲು ಜಾಗ ಬಿಡುತ್ತಾನೆ, ಮಾತಿಗೆ ಎಡೆ ಕೊಡುತ್ತಾನೆ. ಹಾಗೆಂದು ತನ್ನ ಹೆಜ್ಜೆಯನ್ನು ಸಡಿಲ ಬಿಡುವುದಿಲ್ಲ, ರಂಗದ ಮೇಲೆಯೇ ಅವನಿಗೆ ಪಾಠ ಹೇಳಲಿಕ್ಕೂ ಹೋಗುವುದಿಲ್ಲ. ಬೆಳಗಿನ ತನಕ ಆಟ ನೋಡಿ ಬೆಳೆದವನು ನಾನು. ಇದನ್ನೆಲ್ಲ ಕಂಡಿದ್ದೆ, ಕಲಿತಿರಲಿಲ್ಲ.

ನನ್ನ ಚಾಳಿ ಶುರುವಾದದ್ದು ಕಲಿಸುವುದರಿಂದ. ಮೊದಲ ಡಾನ್ ಬಂದ ಮೇಲೆ ಸಿದ್ದಾಪುರದಲ್ಲಿ ಸಂಜೆ ಮಕ್ಕಳ ಕ್ಲಾಸು ತೆಗೆದೆ. ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣದ ಅಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ನಡೆಯುವ ಆತ್ಮರಕ್ಷಣೆ ತರಬೇತಿಗೂ ಹೋದೆ. ಅಲ್ಲೆಲ್ಲ ನಾನು 'ಸರ್'. ನಾನು ಮಾತಾಡಿದರೆ ಮಕ್ಕಳು ನಿಂತು ಕೇಳುತ್ತಾರೆ. ಈ ಸುಖ ಭಾನುವಾರದ ಕ್ಲಾಸಿಗೂ ನನ್ನೊಂದಿಗೆ ಬಂತು. ಜೋಡಿ ಮಾಡಿಕೊಳ್ಳಿ ಎಂದಕೂಡಲೇ ನನ್ನ ಕಾಲು ತಾನಾಗಿ ಬ್ರೌನ್ ಬೆಲ್ಟ್ ಮಕ್ಕಳ ಕಡೆಗೆ ಹೋಗುತ್ತಿತ್ತು. ಎರಡು ಹೊಡೆತ ಆಗುವಷ್ಟರಲ್ಲಿ ನಿಲ್ಲಿಸಿ, "ಮೊಣಕೈ ಒಳಗೆ ತಾ, ಸೊಂಟ ತಿರುಗಿಸು, ಹಿಮ್ಮಡಿ ಏಳಬಾರದು" ಎಂದು ಉಪದೇಶ. ಐದು ಹೆಜ್ಜೆಯ ಗೋಹೋನ್ ಕುಮಿತೆಯಲ್ಲಿ ಒಬ್ಬ ಐದು ಸಲ ಮುನ್ನುಗ್ಗಿ ಹೊಡೆಯಬೇಕು, ಎದುರಿನವನು ಐದು ಸಲ ಹಿಂದೆ ಸರಿದು ತಡೆದು, ಕೊನೆಗೆ ತಿರುಗಿ ಹೊಡೆಯಬೇಕು. ಬೇರೆ ಜೋಡಿಗಳು ಹಾಲ್‌ನ ಆ ತುದಿಗೆ ಹೋಗಿ ಬರುತ್ತಿದ್ದರೆ ನನ್ನೆದುರಿನ ಹುಡುಗ ನಡುವಿನಲ್ಲಿ ನಿಂತು ನನ್ನ ಮಾತು ಕೇಳುತ್ತಿದ್ದ. ಅವನ ಬೆವರು ಆರುತ್ತಿತ್ತು. ನನಗೆ ಬೆವರೇ ಬರುತ್ತಿರಲಿಲ್ಲ. ಕಲಿಸುವವರು ಎದುರಿಗೇ ಇದ್ದಾಗ, ಅವರ ಕ್ಲಾಸಿನಲ್ಲಿ ನಾನು ಇನ್ನೊಂದು ಕ್ಲಾಸು ನಡೆಸುತ್ತಿದ್ದೆ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿತ್ತು. ಕಿರಿಯರು ಹಿರಿಯರ ಎದುರು ನಿಂತಾಗ ಮರ್ಯಾದೆಯ ಹೊಡೆತ ಹೊಡೆಯುತ್ತಾರೆ. ಗೇಣುದೂರದಲ್ಲಿ ಮುಷ್ಟಿ ನಿಲ್ಲುತ್ತದೆ, ಇಲ್ಲವೇ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. 'ಸರ್‌ಗೆ ತಾಗೀತು' ಎಂಬ ಹೆದರಿಕೆ. ತಡೆಯದಿದ್ದರೂ ತಾಗದ ಆ ಹೊಡೆತವನ್ನು ನಾನು ಜೋರಾಗಿ ತಡೆದು, ಕೂಗು ಹಾಕಿ, ತಿರುಗಿ ಹೊಡೆದು, ಭಲೇ ಎನಿಸಿಕೊಳ್ಳುತ್ತಿದ್ದೆ. ಕರಾಟೆಯ ಜೀವ ಇರುವುದು ಅಂತರದಲ್ಲಿ. ಎದುರಾಳಿಯ ಕೈ ಎಲ್ಲಿಯವರೆಗೆ ಬರುತ್ತದೆ, ನಾನು ಎಷ್ಟು ಸರಿದರೆ ಸಾಕು, ಸರಿದ ಜಾಗದಿಂದ ನನ್ನ ಕೈ ಅವನಿಗೆ ಎಟುಕುತ್ತದೆಯೇ ಎಂಬ ಲೆಕ್ಕ ಅದು. ಬಾರದ ಹೊಡೆತವನ್ನು ತಡೆಯುತ್ತ ಹೋದರೆ ಆ ಲೆಕ್ಕ ಪೂರ್ತಿ ತಪ್ಪುತ್ತದೆ, ತಪ್ಪಿದೆ ಎಂದು ಗೊತ್ತೂ ಆಗುವುದಿಲ್ಲ. ಇತ್ತ ನನಗಿಂತ ಮೇಲಿನವರು ಎದುರಾದರೆ ನಾನೂ ಅದೇ ಮರ್ಯಾದೆಯ ಹೊಡೆತ ಹೊಡೆಯುತ್ತಿದ್ದೆ. ಅದನ್ನು ವಿನಯ ಎಂದುಕೊಂಡಿದ್ದೆ. ನಿಜವಾಗಿ, ಬಲವಾಗಿ ಹೊಡೆದರೆ ಅವರ ಉತ್ತರವೂ ಬಲವಾಗಿ ಬಂದೀತೆಂಬ ಪುಕ್ಕಲುತನ. ಕೊನೆಗೌಡರ ಮಗನ ಎದುರಂತೂ ನಿಲ್ಲುವ ಸರದಿಯನ್ನೇ ತಪ್ಪಿಸಿಕೊಳ್ಳುತ್ತಿದ್ದೆ. ಬೆಲ್ಟು ಬಿಚ್ಚಿ ಕಟ್ಟುವುದು, ನೀರು ಕುಡಿಯುವುದು, ಒಬ್ಬ ಹುಡುಗನಿಗೆ ಕಟಾ (ಒಬ್ಬರೇ ಮಾಡುವ ಹೊಡೆತ-ತಡೆಗಳ ಸರಣಿ) ತಿದ್ದುವುದು — ನೆಪಗಳಿಗೆ ಬರ ಇರಲಿಲ್ಲ.

ಒಂದು ಮಳೆಗಾಲದ ಭಾನುವಾರ ಎದುರಿಗೆ ನಿಂತವಳು ನನ್ನದೇ ಶಿಷ್ಯೆ. ಸಿದ್ದಾಪುರದ ಸಂಜೆಯ ಕ್ಲಾಸಿನಲ್ಲಿ ಬಿಳಿ ಬೆಲ್ಟಿನಿಂದ ನನ್ನ ಹತ್ತಿರ ಕಲಿತವಳು, ಆಗಷ್ಟೇ ಕಪ್ಪು ಪಟ್ಟಿ ಕಟ್ಟಿದ್ದಳು. ಆ ದಿನ ಜಿಯು ಇಪ್ಪೋನ್ ಕುಮಿತೆ. ಹೊಡೆಯುವವರು ಎಲ್ಲಿಗೆ ಹೊಡೆಯುತ್ತೇನೆಂದು ಮೊದಲೇ ಹೇಳಿ ಒಂದೇ ಒಂದು ಹೊಡೆತ ಹೊಡೆಯಬೇಕು. ಸಮಯ, ಅಂತರ ಅವರ ಆಯ್ಕೆ. ಅವಳು 'ಚೂದನ್' ಎಂದಳು, ಹೊಟ್ಟೆ-ಎದೆಯ ಮಟ್ಟಕ್ಕೆ ಎಂದರ್ಥ. ಎಂದಿನ ಹಾಗೆ ಗೇಣುದೂರದಲ್ಲಿ ನಿಲ್ಲುತ್ತದೆಂದು ನಾನು ಅರೆಮನಸ್ಸಿನಲ್ಲಿ ಕೈ ಇಳಿಸಿದೆ. ಮುಷ್ಟಿ ನೇರ ಎದೆಗೂಡಿನ ಕೆಳಗೆ ಕೂತಿತು. ಉಸಿರು ಕಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ತಪ್ಪು ಏನೂ ಇರಲಿಲ್ಲ. ಹೇಳಿದ ಜಾಗಕ್ಕೇ ಹೊಡೆದಿದ್ದಳು. ಗುರಿ ಮುಟ್ಟುವ ಹಾಗೆ ಹೊಡಿ, ಎದುರಿನವರು ತಡೆಯದಿದ್ದರೆ ಅದು ಅವರ ಹಣೆಬರಹ ಎಂದು ಅವಳಿಗೆ ಕಲಿಸಿದವನೂ ನಾನೇ.

ಮುಂದಿನ ಸರದಿ ನನ್ನದು. 'ಜೋದನ್' ಎಂದೆ. ಮುಖಕ್ಕೆ ಹೊಡೆಯುತ್ತೇನೆಂದು ಹೇಳಿ ಮುಖಕ್ಕೇ ಹೊಡೆದೆ. ಹೊರಗಿನಿಂದ ನೋಡಿದರೆ ನಿಯಮ ಮುರಿದಂತಿಲ್ಲ. ಆದರೆ ಮುಖದ ಹೊಡೆತ ಚರ್ಮದ ಹತ್ತಿರ ಬಂದು ನಿಲ್ಲಬೇಕು. ಹಾಗೆ ನಿಲ್ಲಿಸುವ ಶಕ್ತಿ ಇದೆ ಎಂಬುದಕ್ಕೇ ಕಪ್ಪು ಪಟ್ಟಿ. ನನ್ನ ತೂಕ ಅವಳ ತೂಕದ ಒಂದೂವರೆ ಪಾಲು. ಅವಳು ತಡೆಯಲು ಕೈ ಎತ್ತುವ ಮೊದಲೇ ತಾಗಿತು. ಬಿಳಿ ಡ್ರೆಸ್ಸಿನ ಮೇಲೆ ಮೂಗಿನ ರಕ್ತ. ದವಾಖಾನೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. "ಕರಾಟೆಯಲ್ಲಿ ಇದೆಲ್ಲ ಇದ್ದದ್ದೇ" ಎಂದು ನಾನು ಎಲ್ಲರಿಗಿಂತ ಮೊದಲು ಹೇಳಿದೆ. ಹೇಳಿದ ಅವಸರ ನೋಡಿದರೇ ತಿಳಿಯಬೇಕಿತ್ತು.

ಕೈ ಎಲ್ಲಿ ನಿಲ್ಲಬೇಕು ಎಂಬ ಈ ಮಾತಿನ ಬೆಲೆ ಏನೆಂದು ಜಗತ್ತೇ ನೋಡಿದ್ದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ. 2021ರ ಆಗಸ್ಟ್ 7ರಂದು 75 ಕಿಲೊಗಿಂತ ಮೇಲಿನ ಪುರುಷರ ಕುಮಿತೆ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದ. ಅವನು ಎತ್ತಿದ ಒಂದು ಒದೆತಕ್ಕೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಎಚ್ಚರ ತಪ್ಪಿ ಬಿದ್ದ. ತೀರ್ಪುಗಾರರು ಹಮೇದಿಯನ್ನು ಅನರ್ಹಗೊಳಿಸಿದರು. ಬಿದ್ದವನಿಗೆ ಚಿನ್ನ, ಬೀಳಿಸಿದವನಿಗೆ ಬೆಳ್ಳಿ. ಒಲಿಂಪಿಕ್ಸ್‌ಗೆ ಕರಾಟೆ ಮೊದಲ ಸಲ ಬಂದದ್ದು ಆಗ, 2024ರ ಪ್ಯಾರಿಸ್‌ನಲ್ಲಿ ಅದು ಇರಲಿಲ್ಲ. ಆ ತೀರ್ಪು ಸರಿಯೋ ತಪ್ಪೋ ಎಂದು ನಮ್ಮ ಹಾಲ್‌ನಲ್ಲೂ ದೊಡ್ಡ ಚರ್ಚೆ ನಡೆದಿತ್ತು. ಹಮೇದಿಗೆ ಅನ್ಯಾಯವಾಯಿತು ಎಂದು ವಾದಿಸಿದವರಲ್ಲಿ ನಾನು ಮೊದಲಿಗ. ಆದರೂ ಒಂದು ವ್ಯತ್ಯಾಸ ಹೇಳಬೇಕು. ಅವರಿಬ್ಬರೂ ಸಮಾನರು, ಪದಕಕ್ಕಾಗಿ ಹೋರಾಡುತ್ತಿದ್ದರು. ನಾನು ಹೊಡೆದದ್ದು ನಾನೇ ಕಲಿಸಿದ ಹುಡುಗಿಗೆ, ಅಭ್ಯಾಸದ ಹೊತ್ತಿನಲ್ಲಿ, ಒಂದು ಕಿಸಕ್ಕೆಂಬ ನಗುವಿಗಾಗಿ.

ಅವಳು ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಮನೆಗೆ ಹೋದೆ. ಅವಳು ಒಳಗಿನಿಂದ ಹೊರಗೆ ಬರಲಿಲ್ಲ. ಅಮ್ಮ ಬಂದು, "ಬಾ ತಮಾ, ಕೂತ್ಗ. ಆಸ್ರಿಗೆ ಎಂತಾ ಅಡ್ಡಿಲ್ಲೆ?" ಎಂದರು. ಮಜ್ಜಿಗೆ ಕೊಟ್ಟರು. ನಾನು ಪೆಟ್ಟಿನ ವಿಷಯ ತೆಗೆದು, ಆಟದಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ ಎಂದು ಸಮಜಾಯಿಷಿ ಶುರುಮಾಡಿದೆ. ಅವರು ಕೇಳಿಸಿಕೊಂಡು ಹೇಳಿದರು: "ಪೆಟ್ಟು ತಾಗೂದು ಇದ್ದಿದ್ದೇಯ, ಅದಕ್ಕೆ ಬೇಜಾರಿಲ್ಲೆ. ಸರ್ ಸಿಟ್ಟು ಬಂದು ಹೊಡದ್ರು ಹೇಳಿ ಕೂಸು ಹೇಳ್ತು. ಅದು ಸುಳ್ಳನ ತಮಾ?" ಸುಳ್ಳು ಎನ್ನಲು ಬಾಯಿ ಬರಲಿಲ್ಲ, ಹೌದು ಎನ್ನುವ ಧೈರ್ಯವೂ ಇರಲಿಲ್ಲ. ಮಜ್ಜಿಗೆ ಕುಡಿದು ಎದ್ದು ಬಂದೆ. ಅವಳು ಪಿಯುಸಿ ಮುಗಿಸಿ ಧಾರವಾಡಕ್ಕೆ ಓದಲು ಹೋದಳು. ಕರಾಟೆಗೆ ಮರಳಲಿಲ್ಲ. ಮುಂದೆ ನಾನು ಅವಳಿಗೆ ಪತ್ರ ಬರೆದು, ನಿನ್ನ ಹೊಡೆತ ಸರಿಯಿತ್ತು, ನನ್ನದು ತಪ್ಪು ಎಂದು ಒಪ್ಪಿಕೊಂಡೆ. ಉತ್ತರ ಬರಲಿಲ್ಲ. ಬರಬೇಕೆಂಬ ಹಕ್ಕು ನನಗಿಲ್ಲ.

ಇಷ್ಟಾದರೂ ನಾನು ಬದಲಾಗಲಿಲ್ಲ. ಹೊಡೆತ ಸ್ವಲ್ಪ ಮೆದು ಮಾಡಿದೆ, ಬಾಯಿ ಇನ್ನಷ್ಟು ಬಿಟ್ಟೆ. ಎರಡನೇ ಡಾನ್‌ಗೆ ಬೇಕಾದ ಕಾಲ ಎಂದೋ ಕಳೆದಿತ್ತು. ಪರೀಕ್ಷೆಗೆ ಹೆಸರು ಕೊಟ್ಟೆ. ಮೂಲ ಹೊಡೆತ-ತಡೆಗಳನ್ನು ತೋರಿಸಿದೆ, ಚೆನ್ನಾಗಿ ಹೋಯಿತು. ಕಟಾ ಬಸ್ಸಾಯ್ ದಾಯ್. ನನ್ನ ಮೆಚ್ಚಿನದು. ಅದೂ ಚೆನ್ನಾಗಿಯೇ ಹೋಯಿತು. ಒಬ್ಬನೇ ಮಾಡುವ ಕೆಲಸದಲ್ಲಿ ನನಗೆ ಯಾವತ್ತೂ ತೊಂದರೆ ಇರಲಿಲ್ಲ. ಕುಮಿತೆಯಲ್ಲಿ ಮೊದಲು ಹೊಸ ಬ್ಲ್ಯಾಕ್ ಬೆಲ್ಟ್ ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿದರು. ನಾನು ಎದೆ ಉಬ್ಬಿಸಿ, ಹತ್ತಿರ ಹತ್ತಿರ ಹೋಗಿ ಹೊಡೆದೆ. ನಡುವೆ ಅವನ ಕಾಲು ತಪ್ಪಾಗಿ ಬಿದ್ದಾಗ ಪರೀಕ್ಷೆ ಎಂಬುದನ್ನೂ ಮರೆತು ಬೆರಳು ತೋರಿಸಿ ತಿದ್ದಿದೆ. ಪರೀಕ್ಷಕರು ಮುಖ ಮುಖ ನೋಡಿಕೊಂಡರು. ಆಮೇಲೆ ಬೇರೆ ಊರಿನ ಎರಡನೇ ಡಾನ್ ಒಬ್ಬರು ಬಂದರು. ಅವರೆದುರು ನನ್ನ ಭುಜ ಕುಗ್ಗಿತು, ನೋಟ ಅವರ ಕಾಲಿನ ಮೇಲೆ ಇಳಿಯಿತು, ಮುಷ್ಟಿ ಗೇಣುದೂರದಲ್ಲೇ ನಿಂತಿತು. ಅವರು ನಿಜವಾದ ಹೊಡೆತ ಹೊಡೆದಾಗ ನನ್ನ ತಡೆ ಪ್ರತಿ ಸಲವೂ ತಡವಾಯಿತು. ಮರ್ಯಾದೆಯ ಹೊಡೆತಗಳಿಗೆ ಪಳಗಿದ ಕೈಗೆ ನಿಜವಾದ ಹೊಡೆತದ ವೇಗ ಗೊತ್ತಿರಲಿಲ್ಲ.

ಮುಗಿದ ಮೇಲೆ ಹಿರಿಯ ಪರೀಕ್ಷಕರು ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮ ಹತ್ತಿರ ಎರಡು ಕರಾಟೆ ಇದೆ. ಕೆಳಗಿನವರಿಗೊಂದು, ಮೇಲಿನವರಿಗೊಂದು. ನಾನು ಯಾವುದಕ್ಕೆ ಡಾನ್ ಕೊಡಲಿ?" ಸಿಟ್ಟಿನಿಂದ ಹೇಳಲಿಲ್ಲ, ವ್ಯಂಗ್ಯವಾಗಿಯೂ ಅಲ್ಲ. ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಏನೂ ಬರೆಯದೆ ಬಿಟ್ಟರು.

ಮುಂದಿನ ಭಾನುವಾರ ಕ್ಲಾಸಿಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ ಎಂದು ಗೊತ್ತಿತ್ತು, ಹೋದೆ. ಜೋಡಿ ಮಾಡಿಕೊಳ್ಳುವಾಗ ಕೊನೆಗೌಡರ ಮಗ ತಾನೇ ಬಂದು ಎದುರಿಗೆ ನಿಂತ. ಎಂದಿನ ಹಾಗೆ ನಾನು ಕೈ ಗೇಣುದೂರದಲ್ಲಿ ನಿಲ್ಲಿಸಿದೆ. ಅವನು ತಡೆಯಲೇ ಇಲ್ಲ, ಸುಮ್ಮನೆ ನಿಂತ. "ಹೆಗಡೇರೆ, ಒಂದು ಮಾತು ಹೇಳಲಾ? ಬೇಜಾರು ಮಾಡ್ಕಬೇಡಿ. ನೀವು ನಂಗೆ ಯಾವತ್ತೂ ಹೊಡದೇ ಇಲ್ಲ. ನಿಮ್ಮ ಕೈ ನನ್ನ ಹತ್ರ ಬರೂದೇ ಇಲ್ಲ, ನಾ ತಡೆಯೂದು ಎಂತಕ್ಕೆ? ನೀವು ಹೊಡೀದಿದ್ರೆ ನಾ ಕಲಿಯೂದು ಹ್ಯಾಂಗೆ?" ಎಂದ. ನನ್ನ ಹೆದರಿಕೆ ನನಗೆ ಮಾತ್ರ ನಷ್ಟ ಎಂದುಕೊಂಡಿದ್ದೆ. ಇಷ್ಟು ಕಾಲ ನಾನು ಅವನ ಅಭ್ಯಾಸವನ್ನೂ ತಿಂದುಹಾಕಿದ್ದೆ. ಆ ದಿನ ಅವನಿಗೆ ಸರಿಯಾಗಿ ಹೊಡೆದೆ. ಅವನೂ ಸರಿಯಾಗಿ ತಡೆದ. ಮುಂಗೈ ಮೇಲೆ ಎದ್ದ ಬಾವು ಇಳಿಯಲು ದಿನ ಹಿಡಿಯಿತು. ಹೊರಡುವಾಗ, "ಬರ್ತೇನೆ ಸೆಂಪೈ" ಎಂದೆ. ಅವನು ನಕ್ಕ, ನಾಚಿಕೊಂಡ. ನನಗೂ ನಾಚಿಕೆಯಾಯಿತು.

ಆ ಮೇಲೆ ನಾನು ಅವನನ್ನು ಗಮನಿಸಿ ನೋಡತೊಡಗಿದೆ. ನಮ್ಮ ಗುರುಗಳ ಎದುರು ನಿಂತಾಗ, ನನ್ನ ಎದುರು ನಿಂತಾಗ, ಬ್ರೌನ್ ಬೆಲ್ಟಿನ ಚಿಕ್ಕ ಹುಡುಗನ ಎದುರು ನಿಂತಾಗ ಅವನ ನಿಲುವು ಒಂದೇ. ಬದಲಾಗುವುದು ವೇಗ ಮಾತ್ರ. ಹುಡುಗನಿಗೆ ನಿಧಾನವಾಗಿ ಹೊಡೆಯುತ್ತಾನೆ, ಆದರೆ ಹೊಡೆತ ಹೋಗುವುದು ಗುರಿಗೇ. ಮುಷ್ಟಿ ಉಗುರಿನಷ್ಟು ಅಂತರದಲ್ಲಿ ನಿಲ್ಲುತ್ತದೆ. ಹುಡುಗ ತಡೆಯದಿದ್ದರೆ, ತಡೆಯಲಿಲ್ಲ ಎಂಬುದು ಅವನಿಗೇ ಕಾಣಿಸುತ್ತದೆ, ಹೇಳುವ ಅಗತ್ಯವಿಲ್ಲ. ಹುಡುಗ ಹೊಡೆಯುವಾಗ ಇವನು ಕೊನೆಯ ಗಳಿಗೆಯವರೆಗೂ ಅಲುಗುವುದಿಲ್ಲ. ಹಾಗಾಗಿ ನಿಧಾನದ ಹೊಡೆತವೂ ಅವನಿಗೆ ಕಠಿಣ ಅಭ್ಯಾಸವೇ ಆಗುತ್ತದೆ. ಕಿರಿಯನ ಜೊತೆ ಆಡಿದರೆ ತನ್ನ ಕಲಿಕೆ ಹಾಳು ಎಂದು ಗೊಣಗುವ ಬ್ಲ್ಯಾಕ್ ಬೆಲ್ಟ್‌ಗಳನ್ನು ನಾನು ಬಹಳ ನೋಡಿದ್ದೇನೆ. ಎದುರಿನವನು ಯಾರೇ ಇರಲಿ, ತನಗೆ ಬೇಕಾದ ಕೆಲಸವನ್ನು ಹುಡುಕಿಕೊಳ್ಳಲು ಬಾರದವನ ಗೊಣಗು ಅದು.

ಈಗ ನಾನು ಮಾಡುವುದು ಇಷ್ಟು. ಜೋಡಿಯನ್ನು ನಾನು ಆರಿಸಿಕೊಳ್ಳುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಗುರುಗಳನ್ನು ಕೇಳಿಕೊಂಡು, ಒಂದು ಸಾಲು ನಿಂತಲ್ಲೇ ಇದ್ದು ಇನ್ನೊಂದು ಸಾಲು ಒಬ್ಬೊಬ್ಬರಂತೆ ಸರಿಯುವ ಪದ್ಧತಿ ಮಾಡಿಸಿದೆ. ಆಗ ಯಾರಿಂದ ಯಾರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಕ್ಲಾಸು ನಡೆಯುವಾಗ ತಿದ್ದುವ ಕೆಲಸ ಗುರುಗಳದು. ಹುಡುಗರು ತಾವಾಗಿ ಕೇಳಿದರೆ ಮುಗಿದ ಮೇಲೆ, ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ, ಒಂದೇ ಒಂದು ವಿಷಯ ಹೇಳುತ್ತೇನೆ. ಕಿರಿಯರು ಗೇಣುದೂರದಲ್ಲಿ ಕೈ ನಿಲ್ಲಿಸಿದರೆ ನಾನು ತಡೆಯುವುದಿಲ್ಲ. ನಿಂತು, ಇನ್ನೂ ಮುಂದೆ ಬಾ ಎಂದು ಕಣ್ಣಿನಲ್ಲೇ ಹೇಳುತ್ತೇನೆ. ಅವರ ಹೊಡೆತ ನನಗೆ ತಾಗಿದರೆ ತಲೆಬಾಗಿ ನಮಸ್ಕಾರ ಮಾಡುತ್ತೇನೆ, ಮುಂದಿನ ಹೊಡೆತವನ್ನು ಮೊದಲಿಗಿಂತ ನಿಧಾನವಾಗಿ ಹೊಡೆಯುತ್ತೇನೆ. ಸಿಟ್ಟು ಬಂದದ್ದು ಗೊತ್ತಾದರೆ ಕೈ ಎತ್ತಿ ಆ ಸುತ್ತಿನಿಂದ ಹೊರಗೆ ಬರುತ್ತೇನೆ. ಫುನಾಕೋಶಿಯವರು ತಮ್ಮ ಇಪ್ಪತ್ತು ಸೂತ್ರಗಳಲ್ಲಿ ಮೊದಲ ಸ್ಥಾನವನ್ನು ನಮಸ್ಕಾರಕ್ಕೆ ಕೊಟ್ಟಿದ್ದಾರೆ. ಕ್ಲಾಸಿನ ಹಿಂದುಮುಂದೆ ಮಾಡುವ ಶಿಷ್ಟಾಚಾರ ಎಂದು ತಿಳಿದು ನಾನದನ್ನು ಯಾಂತ್ರಿಕವಾಗಿ ಮಾಡುತ್ತಿದ್ದೆ. ಹೊಡೆತ ತಿಂದ ಮರುಗಳಿಗೆಯಲ್ಲಿ ಮಾಡಿದಾಗಲೇ ಅದರ ಕಷ್ಟ ಗೊತ್ತಾದದ್ದು.

ಎರಡನೇ ಡಾನ್ ನನಗೆ ಇನ್ನೂ ಬಂದಿಲ್ಲ. ಗುರುಗಳು ಹೆಸರು ಕೊಡು ಎಂದಾಗ ಕೊಡುತ್ತೇನೆ, ನಾನಾಗಿ ಕೇಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಊರೂರಿನಲ್ಲಿ ಕರಾಟೆ ಕ್ಲಾಸುಗಳಿವೆ. ಮಕ್ಕಳನ್ನು ಸೇರಿಸುವ ತಂದೆ-ತಾಯಿಗಳು ಮಾಸ್ಟರ್‌ಗೆ ಎಷ್ಟನೇ ಡಾನ್, ಮನೆಯಲ್ಲಿ ಎಷ್ಟು ಕಪ್ ಇದೆ ಎಂದು ವಿಚಾರಿಸುತ್ತಾರೆ. ಅದರ ಬದಲು ದೊಡ್ಡವರು ಚಿಕ್ಕವರು ಒಟ್ಟಿಗೆ ಅಭ್ಯಾಸ ಮಾಡುವ ಒಂದು ದಿನ ಹೋಗಿ ಮೂಲೆಯಲ್ಲಿ ಕೂತು ನೋಡಿ. ಕಪ್ಪು ಪಟ್ಟಿಯವರು ಕಿರಿಯರ ಎದುರು ಹೇಗೆ ನಿಲ್ಲುತ್ತಾರೆ, ಚಿಕ್ಕವರ ಹೊಡೆತ ತಾಗಿದಾಗ ಅವರ ಮುಖ ಹೇಗಾಗುತ್ತದೆ ಎಂದು ಗಮನಿಸಿ. ನಿಮ್ಮ ಮಗುವನ್ನು ಅಲ್ಲಿ ಬಿಡಬಹುದೋ ಇಲ್ಲವೋ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಕಪ್ಪು ಪಟ್ಟಿ ಕಟ್ಟಿದ ಗೆಳೆಯರಿಗೆ ನನ್ನ ಕೋರಿಕೆ ಒಂದೇ: ಮುಂದಿನ ಕ್ಲಾಸಿನಲ್ಲಿ ನೀವು ಯಾರನ್ನು ತಪ್ಪಿಸಿಕೊಂಡು ತಿರುಗುತ್ತೀರೋ ಮೊದಲು ಅವರೆದುರು ಹೋಗಿ ನಿಲ್ಲಿ. ಅವರಿಗೆ ಹೊಡೆಯುವ ಅದೇ ಕರಾಟೆಯನ್ನು, ವೇಗ ಮಾತ್ರ ಇಳಿಸಿ, ನಿಮಗಿಂತ ಚಿಕ್ಕವರಿಗೂ ಕೊಡಿ.